ಅರವತ್ತೊಂದನೆಯ ಸರ

ಮಮ್ಲೆ ತಂದಿಟ್ಟ ಬುಟ್ಟಿಯಲ್ಲಿ ಅರವತ್ತೇ ಸರ. ಊರಿನ ಹೆಂಗಸರಿಗೆಲ್ಲ ಮುಖ್ಯಸ್ಥೆಯಾದ ರಾಣಿತಾಯಿ ಕೇಳಿದ್ದು ನೂರು. ಬರುವ ವಾರದ ಹಬ್ಬದಲ್ಲಿ ಕುಣಿಯುವ ನೂರು ಹುಡುಗಿಯರಿಗೆ ನೂರು ಸರ, ಒಂದೊಂದರಲ್ಲೂ ಐದು ಬಣ್ಣದ ಐದೇ ಮಣಿ, ಒಬ್ಬಳ ಕೊರಳಲ್ಲಿದ್ದ ಬಣ್ಣದ ಜೋಡಣೆ ಇನ್ನೊಬ್ಬಳ ಕೊರಳಲ್ಲಿ ಇರಕೂಡದು. ಇದು ಅಪ್ಪಣೆ.

“ಇಷ್ಟೇ ಆಗೋದು ತಾಯಿ. ಅರವತ್ತರ ಮೇಲೆ ಬೇರೆ ಥರದ್ದು ಒಂದೂ ಬರಲ್ಲ,” ಎಂದಳು ಮಮ್ಲೆ.

ಪಕ್ಕದಲ್ಲಿ ಕೂತಿದ್ದ ಸಾಕಿಟೆ ಮೇಷ್ಟ್ರು ನಕ್ಕರು. ಐದು ಮಣಿಯನ್ನು ನೂರ ಇಪ್ಪತ್ತು ಬಗೆಯಲ್ಲಿ ಜೋಡಿಸಬಹುದೆಂದು ರಾಣಿತಾಯಿಗೆ ಲೆಕ್ಕ ಹಾಕಿಕೊಟ್ಟವರೇ ಅವರು. ಐದು ನಾಲ್ಕಲ ಇಪ್ಪತ್ತು, ಇಪ್ಪತ್ತು ಮೂರಲ ಅರವತ್ತು, ಅದರ ಎರಡರಷ್ಟು ನೂರ ಇಪ್ಪತ್ತು ಎಂದು ಮತ್ತೊಮ್ಮೆ ಒಪ್ಪಿಸಿದರು. ಮೂರನೇ ತರಗತಿಗೇ ಶಾಲೆ ಬಿಟ್ಟವಳು, ಅರ್ಧ ದಾರಿಯಲ್ಲೇ ಕೈಚೆಲ್ಲಿದ್ದಾಳೆ ಅಂತಲೂ ಸೇರಿಸಿದರು. ರಾಣಿತಾಯಿಯ ಮುಖ ಬಿಗಿಯಾಯಿತು. ಆಗದಿದ್ದರೆ ಹೇಳಿಬಿಡು, ಪೇಟೆಯ ಅಂಗಡಿಯವನು ಪ್ಲಾಸ್ಟಿಕ್ ಮಣಿಯ ನೂರೂ ಸರ ನಾಳೆಯೇ ಕೊಡುತ್ತಾನಂತೆ ಎಂದರು. ಒಡೆದ ಬಾಟಲಿ ಕುಟ್ಟಿ, ಆ ಪುಡಿಯನ್ನು ಮಣ್ಣಿನ ಅಚ್ಚಿನಲ್ಲಿ ಸುಟ್ಟು ಮಣಿ ಮಾಡುವ ಹನ್ನೊಂದು ಹೆಂಗಸರು ಮಮ್ಲೆಯನ್ನು ನಂಬಿಕೊಂಡಿದ್ದರು. ಹಬ್ಬಕ್ಕೇ ಪ್ಲಾಸ್ಟಿಕ್ ಕಾಲಿಟ್ಟರೆ ಆಮೇಲೆ ಕ್ರೋಬೊ ಸೀಮೆಯಲ್ಲಿ ಇವರ ಮಣಿಯನ್ನು ಕೇಳುವವರಾರು?

ಅವಳು ದಾರವನ್ನೂ ಬಿಡಿ ಮಣಿಗಳನ್ನೂ ಮೇಷ್ಟ್ರ ಮುಂದಿಟ್ಟಳು.

“ಈ ಬುಟ್ಟೀಲಿ ಇಲ್ಲದ್ದು ಒಂದೇ ಒಂದು ಪೋಣಿಸಿ ಮೇಷ್ಟ್ರೇ. ಪೋಣಿಸಿದ್ರೆ ನೂರೂ ಪುಕ್ಕಟೆ ಮಾಡ್ಕೊಡ್ತೀನಿ.”

ಮೇಷ್ಟ್ರು ಸರಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಹರಡಿ, ನೂರ ಇಪ್ಪತ್ತು ಬಗೆಯನ್ನೂ ಬರೆದಿಟ್ಟುಕೊಂಡಿದ್ದ ತಮ್ಮ ಪಟ್ಟಿಯೊಂದಿಗೆ ತಾಳೆ ನೋಡಿ, ಬಿಳಿ, ನೀಲಿ, ಹಳದಿ, ಕೆಂಪು, ಹಸಿರು ಎಂದು ಪೋಣಿಸಿದರು. ಅಂಥದ್ದು ಚಾಪೆಯ ಮೇಲಿರಲಿಲ್ಲ. ಗೆದ್ದವರ ಹಾಗೆ ಎತ್ತಿ ತೋರಿಸಿದರು. ಮಮ್ಲೆ ಅದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದ ರಾಣಿತಾಯಿಯ ಮೊಮ್ಮಗಳ ಕೊರಳಿಗೆ ಕಟ್ಟಿದಳು. ಮತ್ತೆ ಬಿಚ್ಚಿ, ಎಡದ ತುದಿಯನ್ನು ಬಲಕ್ಕೆ ಮಾಡಿ ಕಟ್ಟಿದಳು. ಈಗ ಹಸಿರು, ಕೆಂಪು, ಹಳದಿ, ನೀಲಿ, ಬಿಳಿ. ಚಾಪೆಯ ಮೂರನೇ ಸಾಲಿನಿಂದ ಅಂಥದ್ದೇ ಇನ್ನೊಂದನ್ನು ಎತ್ತಿ ಪಕ್ಕದಲ್ಲಿ ಹಿಡಿದಳು.

“ಕಾಗದದ ಮೇಲೆ ಎಡಗಡೆ ಯಾವಾಗ್ಲೂ ಎಡಗಡೇನೇ. ಸರ ಹೆಂಗೆ ಬೇಕಾದ್ರೂ ಕೊರಳಿಗೆ ಬೀಳುತ್ತೆ. ನಿಮ್ಮ ಪಟ್ಟೀಲಿ ಪ್ರತಿಯೊಂದೂ ಎರಡೆರಡು ಸಲ ಇದೆ ಮೇಷ್ಟ್ರೇ.”

ಮೇಷ್ಟ್ರು ಇನ್ನೊಂದು ಪೋಣಿಸಿದರು, ಮತ್ತೊಂದು ಪೋಣಿಸಿದರು. ತಿರುಗಿಸಿದಾಗ ಎರಡಕ್ಕೂ ಚಾಪೆಯ ಮೇಲೆ ಜೋಡಿ ಸಿಕ್ಕಿತು. ನಾಲ್ಕನೆಯದಕ್ಕೆ ಎತ್ತಿಕೊಂಡ ಮಣಿಯನ್ನು ಅವರು ಕೆಳಗಿಟ್ಟರು. ನಲವತ್ತು ಹುಡುಗಿಯರು ಬರಿಗೊರಳಲ್ಲಿ ಕುಣಿಯಬೇಕೇನು ಎಂದು ರಾಣಿತಾಯಿ ಕೇಳಿದರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

“ಒಂದು ಕಪ್ಪು ಮಣಿ ಸೇರಿಸೋಕೆ ಅಪ್ಪಣೆ ಕೊಡಿ ತಾಯಿ. ಪ್ರತಿ ಸರದಲ್ಲೂ ಅದಕ್ಕೆ ಆರು ಜಾಗ ಇದೆ, ಎರಡು ತುದಿ, ನಾಲ್ಕು ಸಂದಿ. ಅರವತ್ತು ಆರಲ ಮುನ್ನೂರ ಅರವತ್ತು. ನೂರಲ್ಲ, ಮುನ್ನೂರು ಹುಡುಗೀರನ್ನ ಕುಣಿಸಿ.”

ಮೇಷ್ಟ್ರು ಪೆನ್ಸಿಲ್ ತೆಗೆದು ಬಹಳ ಹೊತ್ತು ಗೀಚಿದರು. ಲೆಕ್ಕ ಸರಿಯಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕೆಲಸ ಮಮ್ಲೆಗೇ ಎಂದರು ರಾಣಿತಾಯಿ. ಅವಳಿಗೆ ಅಲ್ಲೇ ಒಂದು ಸುತ್ತು ಕುಣಿದುಬಿಡಬೇಕು ಎನ್ನುವಷ್ಟು ಖುಷಿಯಾಯಿತು. ಬುಟ್ಟಿಯನ್ನು ತಲೆಯ ಮೇಲಿಟ್ಟು ಬಾಗಿಲು ದಾಟುವಾಗ ಹಿಂದಿನಿಂದ ಮೇಷ್ಟ್ರು ಕೇಳಿದರು, “ಏಳು ಮಣಿಯಾದ್ರೆ ಎಷ್ಟಮ್ಮಾ?”

“ಎರಡು ಸಾವಿರದ ಐನೂರ ಇಪ್ಪತ್ತು,” ಎಂದಳು ಮಮ್ಲೆ, ತಿರುಗದೆಯೇ. “ಸರ ನಾನು ಪೋಣಿಸ್ತೀನಿ. ಅಷ್ಟು ಕೊರಳು ನೀವು ಹುಡುಕ್ಕೊಂಡು ಬನ್ನಿ.”