ಬದುವಿನ ಮೇಲಿನ ನಾನೂರು ಮೀಟರ್

ಮೂರನೇ ಸುತ್ತು ಮುಗಿಯುವಷ್ಟರಲ್ಲೇ ಸೀಟಿ ಊದಿದರು. ಪೊಲೀಸ್ ನೇಮಕಾತಿಯ ಓಟಕ್ಕೆ ನಾನೂರು ಮೀಟರಿನ ನಾಲ್ಕು ಸುತ್ತು, ಅದಕ್ಕೆ ಕೊಟ್ಟ ಹೊತ್ತು ಮುಗಿದಿತ್ತು. ಪೇದೆಯೊಬ್ಬ ಶಶಿಧರನ ಎದೆಯ ಮೇಲಿನ ನಂಬರ್ ಚೀಟಿ ಕಿತ್ತುಕೊಂಡು, "ನಡಿಯಪ್ಪಾ ಆಚಿಗೆ" ಅಂದ. ಮುಂದಿನ ಸಲಕ್ಕೆ ಶಶಿಧರನ ವಯಸ್ಸು ಮೀರಿರುತ್ತಿತ್ತು.

ಮಂಡ್ಯದ ಆ ಮೈದಾನದ ಗೇಟಿನ ಬಳಿ ರಘುನಂದನ್ ಕೂತಿದ್ದ. ಬೆಳಕವಾಡಿಯಿಂದ ಇಬ್ಬರೂ ಅವನ ಬೈಕಿನಲ್ಲೇ ಬಂದಿದ್ದರು. ಅವನು ಪಾಸಾಗಿದ್ದ.

"ಊರಲ್ಲಿ ದಿನಾ ನಾಲ್ಕು ಸುತ್ತು ಟೈಮೊಳಗೇ ಓಡ್ತಿದ್ನಲ್ಲಾ," ಅಂದ ಶಶಿಧರ. "ಎಕ್ರೆಗೆ ನಲವತ್ತು ಗುಂಟೆ, ಗುಂಟೆಗೆ ಮೂವತ್ಮೂರು ಅಡಿ. ನಮ್ಮ ಎಕ್ರೆ ಗದ್ದೆ ಒಂದು ಸುತ್ತು ಸುತ್ತಿದ್ರೆ ನಾನೂರು ಮೀಟ್ರು ಅಂತ ನಮ್ಮಪ್ಪನೇ ಲೆಕ್ಕ ಹಾಕ್ಕೊಟ್ಟಿತ್ತು."

ರಘುನಂದನ್ ಶೂ ಬಿಚ್ಚುತ್ತಾ ನಕ್ಕ. "ನಲವತ್ತು ಗುಂಟೆ ಇರೋದು ಗದ್ದೆ ಒಳ್ಗೆ ಕಣ್ಲಾ, ಬದು ಮೇಲಲ್ಲ. ನಿಮ್ಮ ಬದು ಒಂದು ಸುತ್ತಿಗೆ ಇನ್ನೂರೈವತ್ತು ಮೀಟ್ರು. ಹೋದ ತಿಂಗ್ಳೇ ಫೋನಲ್ಲಿ ಅಳ್ದು ನೋಡಿದ್ದೆ."

ಶಶಿಧರ ಅವನ ಮುಖವನ್ನೇ ನೋಡಿದ. "ಮತ್ಯಾಕ್ಲಾ ಹೇಳ್ನಿಲ್ಲ?"

ರಘುನಂದನ್ ಎದ್ದು ಬೈಕಿಗೆ ಕೀ ಹಾಕಿದ. "ಹೇಳಿದ್ರೆ ನೀನೂ ಪಾಸಾಯ್ತಿದ್ದೆ. ಹತ್ಕೊ, ಹೋಗಣ."