ಎರಡು ಕೋಟು

ಮಕ್ಕಳ ಮನಸ್ಸಿನ ಆಸ್ಪತ್ರೆಯಲ್ಲಿ ಎಂದಿನಂತೆ ಎರಡು ಕೋಟು ಸಿದ್ಧವಾಗಿದ್ದವು. ಮಗಳ ಸಂಕಟ ಎಷ್ಟೆಂದು ಅಪ್ಪ ಬರೆದುಕೊಟ್ಟಿದ್ದನೋ ಅಷ್ಟು ಭಾರದ್ದು ಒಂದು, ಮಗಳೇ ಬರೆದುಕೊಟ್ಟಷ್ಟು ಭಾರದ್ದು ಇನ್ನೊಂದು. ದಾವಣಗೆರೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕೊಟ್ರಪ್ಪ ತನ್ನದನ್ನು ತೊಟ್ಟು ಗತ್ತಿನಿಂದ ಓಡಾಡಿದ.

“ನಾ ಹೇಳಿದ್ನಲ್ರೀ, ಹುಡುಗಿ ಸ್ವಲ್ಪ ಮಂಕಾಗ್ಯಾಳ, ಅಷ್ಟೇ.”

ನರ್ಸ್ ಅದನ್ನು ಬಿಚ್ಚಿಸಿ, ಅವನಿಗೆ ಮಗಳು ಸಿಂಚನಾಳ ಕೋಟು ತೊಡಿಸಿ ಮಂಚದ ಮೇಲೆ ಮಲಗಿಸಿದಳು. “ಈಗ ಏಳ್ರಿ.”

ಕ್ವಿಂಟಲ್ ಮೂಟೆಗೂ ಜಗ್ಗದ ಬೆನ್ನು ಮೇಲೇಳಲಿಲ್ಲ.

“ತೂಕ ತಪ್ಪು ಹಾಕೀರಿ,” ಎಂದು ರೇಗಿದ. “ಇದನ್ನ ಹೊತ್ಕೊಂಡು ಯಾರು ದಿನಾ ಸಾಲಿಗೆ ಹೋಗ್ತಾರ?”

ಸಿಂಚನಾ ಹತ್ತಿರ ಬಂದಳು. “ಒಮ್ಮೆಲೇ ಏಳಬ್ಯಾಡಪ್ಪ. ಮೊದ್ಲು ಒಂದು ಕಾಲು ಕೆಳಗಿಡು. ಹತ್ತರ ತನಕ ಎಣಿಸು. ಆಮೇಲೆ ಗೋಡೆ ಹಿಡ್ಕೊ. ಅಮ್ಮ ಎರಡನೇ ಸಲ ಕೂಗೋದ್ರೊಳಗೆ ಎದ್ದಿರಬಹುದು.”