ಅತ್ತಿಗೆಯ ತೂಕ

ತುಲಾಭಾರದ ತಟ್ಟೆಯಲ್ಲಿ ಕೂರಲು ಲತೇಶ ಅಂಗಿ ಬಿಚ್ಚಿ, ಶಲ್ಯವನ್ನು ಸೊಂಟಕ್ಕೆ ಬಿಗಿದು ಮದುಮಗನ ಗತ್ತಿನಲ್ಲಿ ಮುಂದೆ ಬಂದ. ದೇವಸ್ಥಾನದ ವಿಷ್ಣುಮೂರ್ತಿ ಭಟ್ಟರು ಕೈ ಅಡ್ಡ ಹಿಡಿದರು.

“ನೀವಲ್ಲ ಮಾರಾಯ್ರೆ. ಕೂರುವುದು ನಿಮ್ಮ ಅತ್ತಿಗೆ.”

“ಹರಕೆ ನನ್ನ ಹೆಸರಿಂದಲ್ವಾ ಭಟ್ರೆ? ಕಾಮಾಲೆ ಬಂದದ್ದು ನನಗೆ.”

“ಹೆಸರು ನಿಮ್ಮದೇ. ತೂಕ ಅವರದ್ದು.”

ಲತೇಶ ತಿರುಗಿ ನೋಡಿದ. ಅಣ್ಣ ವಾಸುವಿನ ಹೆಂಡತಿ ಪುಷ್ಪಾವತಿ ಕಂಬದ ಪಕ್ಕ ಸೆರಗನ್ನು ಮೈತುಂಬ ಹೊದ್ದು ನಿಂತಿದ್ದಳು. ಕಳೆದ ವರ್ಷ ಲತೇಶ ಮುಂಬೈ ಪಕ್ಕದ ಕಲ್ಯಾಣದ ಆಸ್ಪತ್ರೆಯಲ್ಲಿ ಇವತ್ತೋ ನಾಳೆಯೋ ಎಂದು ಮಲಗಿದ್ದಾಗ ಡೊಂಬಿವಲಿಯಿಂದ ದಿನವೂ ಗಂಜಿ ಹೊತ್ತು ಬಂದವಳು ಅವಳೇ.

“ಆಗ ನೀನು ಎಂತ ಇದ್ದೆ ಹೇಳು,” ಅವಳು ತಲೆ ಎತ್ತದೆ ಹೇಳಿದಳು. “ಬರೀ ಎಲುಬು. ನಿನ್ನ ತೂಕದ ಬೆಲ್ಲ ಕೊಡ್ತೇನೆ ಅಂತ ದೇವರ ಹತ್ರ ಹೇಳ್ಲಿಕ್ಕೆ ನನಗೇ ಒಂಥರಾ ಆಯ್ತು. ಜೀವ ಕೇಳುವಾಗ ಅಷ್ಟು ಕಂಜೂಸಿ ಮಾಡ್ಲಿಕ್ಕುಂಟಾ? ಅದಕ್ಕೆ ನನ್ನ ತೂಕ ಹೇಳಿದೆ.”

ಲತೇಶನ ಮುಖ ಕಪ್ಪಿಟ್ಟಿತು. ಈ ಮಾತು ಒಂದು ದಿನ ಮೊದಲು ಗೊತ್ತಿದ್ದರೆ ನಿನ್ನೆ ಅವನು ಬಾಯಿ ಬಿಡುತ್ತಿರಲಿಲ್ಲ.

ಭಿವಂಡಿಯ ಗೋದಾಮಿನಲ್ಲಿ ಲಾರಿ ತೂಗುವ ಕಾಟಾದ ಮೇಲೆ ಅವನ ಕೆಲಸ. ಹಗಲೆಲ್ಲ ತೂಗಿ ತೂಗಿ ಅದೇ ಹುಚ್ಚು ತಲೆಗೂ ಹತ್ತಿತ್ತು. ನಿನ್ನೆ ಸಂಜೆ ಕನ್ನಡ ಸಂಘದ ವಾರ್ಷಿಕೋತ್ಸವ. ಜಗತ್ತಿನ ದೊಡ್ಡ ದೊಡ್ಡ ಕಟ್ಟಡಗಳ ತೂಕವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಹೆಕ್ಕಿ, ನಮ್ಮ ನಿಮ್ಮ ಸಾಮಾನುಗಳ ಜೊತೆ ಹೋಲಿಸಿ, ಅದನ್ನೇ ಒಂದು ಆಟ ಮಾಡಿ ಮೈಕು ಹಿಡಿದಿದ್ದ. ಅಮೆರಿಕದ ಲಿಬರ್ಟಿ ಪ್ರತಿಮೆಯ ತೂಕ ಎಂದರೆ ನಮ್ಮ ಖಾಲಿ ಲೋಕಲ್ ರೈಲಿನ ಐದಾರು ಡಬ್ಬಿ ಎಂದಾಗ ಜನ ಆಹಾ ಎಂದರು. ಜನ ಕಿಕ್ಕಿರಿದ ಬೆಳಗಿನ ಡೊಂಬಿವಲಿ ಫಾಸ್ಟ್ ಆದರೆ ಅಷ್ಟು ಡಬ್ಬಿಯೂ ಬೇಡ ಎಂದಾಗ ಚಪ್ಪಾಳೆ ಬಿತ್ತು. ಚಪ್ಪಾಳೆಯ ರುಚಿ ಹತ್ತಿದ ಮೇಲೆ ಎಲುಬಿಲ್ಲದ ನಾಲಿಗೆಯನ್ನು ಹಿಡಿಯುವವರು ಯಾರು? ಐಫೆಲ್ ಗೋಪುರ ಇಪ್ಪತ್ತೈದು ಕಿಲೊದ ಎಷ್ಟು ಅಕ್ಕಿ ಮೂಟೆಗೆ ಸಮ ಎಂದು ಕೇಳಿ, ಉತ್ತರವನ್ನೂ ತಾನೇ ಕೊಟ್ಟ.

“ಮೂಟೆ ಆದ್ರೆ ನಾಲ್ಕು ಲಕ್ಷ ಬೇಕು. ನಮ್ಮ ಪುಷ್ಪತ್ತಿಗೆ ಆದ್ರೆ ಇಬ್ರು ಸಾಕು!”

ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅತ್ತಿಗೆಯೂ ಬಾಯಿಗೆ ಸೆರಗು ಒತ್ತಿ ನಕ್ಕಳು. ಅವಳೇ ನಕ್ಕ ಮೇಲೆ ಇನ್ನೇನು ಎಂದುಕೊಂಡ ಲತೇಶ. ತಲೆನೋವೆಂದು ಅವಳು ಊಟಕ್ಕೂ ನಿಲ್ಲದೆ ಹೊರಟುಹೋದದ್ದನ್ನು ಅವನು ಗಮನಿಸಲೇ ಇಲ್ಲ.

ಇವತ್ತು ಭಾನುವಾರ. ದೇವಸ್ಥಾನದಲ್ಲಿ ನೆರೆದವರಲ್ಲಿ ಅರ್ಧಕ್ಕರ್ಧ ನಿನ್ನೆ ನಕ್ಕವರೇ. ಪುಷ್ಪಾವತಿ ತಟ್ಟೆಯತ್ತ ಒಂದು ಹೆಜ್ಜೆ ಇಟ್ಟಳಷ್ಟೇ, ಯಾರದೋ ಪುಟ್ಟ ಮಗು ಬೆರಳು ತೋರಿಸಿ ಕೂಗಿತು:

“ಮಮ್ಮಿ, ವೋ ದೇಖೋ, ಐಫೆಲ್ ಟವರ್‌ವಾಲಿ ಆಂಟಿ!”

ತಾಯಿ ಮಗುವಿನ ಬಾಯಿ ಮುಚ್ಚಿದಳು. ಅವಳ ತುಟಿಯೂ ನಗು ತಡೆಯಲಾರದೆ ಅದುರುತ್ತಿತ್ತು. ಪುಷ್ಪಾವತಿ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು.

“ಭಟ್ರೆ, ಇನ್ನೊಂದು ದಿನ ಮಾಡುವನಾ? ಜನ ಇಲ್ಲದ ದಿನ ನೋಡಿ.”

“ಸಂಕಲ್ಪ ಆಯ್ತಲ್ಲಮ್ಮ. ಈಗ ಹಾಗೆಲ್ಲ ಬಿಟ್ಟು ಹೋಗ್ಲಿಕ್ಕಾಗುದಿಲ್ಲ.”

ಲತೇಶ ಹತ್ತಿರ ಬಂದ. “ಅತ್ತಿಗೆ, ನಿನ್ನೆ ನಾನು ಸುಮ್ಮನೆ ತಮಾಷೆಗೆ...”

“ಗೊತ್ತುಂಟು. ನಾನೂ ನಗಾಡಿದೆ ಅಲ್ವಾ?” ಆಮೇಲೆ ಅವನಿಗೆ ಮಾತ್ರ ಕೇಳುವಂತೆ ಹೇಳಿದಳು: “ನಿನ್ನೆಯಿಂದ ಎಂತದೂ ತಿನ್ಲಿಲ್ಲ ಮಾರಾಯ. ಇವರೆಲ್ಲರ ಎದುರು ಒಂದು ಕಿಲೊ ಆದ್ರೂ ಕಡಿಮೆ ಕಾಣ್ಲಿ ಅಂತ.”

ಲತೇಶನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಲಾರಿಯಲ್ಲಿ ಒಂದು ಕಿಲೊ ಹೆಚ್ಚುಕಡಿಮೆಯಾದರೆ ಅವನ ಕಾಟಾಕ್ಕೆ ಗೊತ್ತೂ ಆಗುವುದಿಲ್ಲ. ಆ ಒಂದು ಕಿಲೊಗಾಗಿ ತನಗೆ ಗಂಜಿ ಉಣಿಸಿದ ಹೆಂಗಸು ಹಸಿದುಕೊಂಡು ನಿಂತಿದ್ದಾಳೆ.

“ನನ್ನದು ತಪ್ಪಾಯ್ತು ಅತ್ತಿಗೆ.”

“ತಪ್ಪುಗಿಪ್ಪು ಆಮೇಲೆ ನೋಡುವ. ಬೆಲ್ಲ ಕಟ್ಟಿ ತಂದ ಬೆಡ್‌ಶೀಟ್ ಉಂಟಲ್ಲ, ಅದನ್ನು ಅಡ್ಡ ಹಿಡಿ. ಯಾರಿಗೂ ಕಾಣ್ಬಾರ್ದು.”

ಲತೇಶ ತಕ್ಕಡಿಗೆ ಬೆನ್ನು ಹಾಕಿ, ಎರಡೂ ತೋಳು ಚಾಚಿ ಬೆಡ್‌ಶೀಟ್ ಹಿಡಿದು ನಿಂತ. ಎದುರಿಗೆ ನಿನ್ನೆಯ ಅದೇ ಮುಖಗಳು. ಮೈಕು ಹಿಡಿದಾಗ ಎಲ್ಲರ ಕಣ್ಣಿಗೆ ಕಣ್ಣು ಕೊಟ್ಟು ನಕ್ಕಿದ್ದವನು ಈಗ ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದ. ಹಿಂದೆ ಸರಪಳಿ ಕಿರುಗುಟ್ಟಿತು. ಬೆಲ್ಲದ ಅಚ್ಚುಗಳು ಒಂದರ ಮೇಲೊಂದು ತಟ್ಟೆಗೆ ಬೀಳುವ ಸದ್ದು ಕೇಳಿಸುತ್ತಲೇ ಇತ್ತು. ಗುಂಪಿನಲ್ಲಿ ಯಾರೋ “ಕಿತನಾ ಹುವಾ, ಎಷ್ಟಾಯ್ತು?” ಎಂದು ಪಿಸುಗುಟ್ಟಿದರು, ಇನ್ಯಾರೋ ಕೆಮ್ಮಿ ನಗು ನುಂಗಿದರು. ತೋಳು ಸೋತರೂ ಲತೇಶ ಬೆಡ್‌ಶೀಟನ್ನು ಇಳಿಸಲಿಲ್ಲ.

“ಆಯ್ತಮ್ಮ, ಸಮ ಬಂತು. ಇಳೀಬಹುದು,” ಎಂದರು ಭಟ್ಟರು.

ಅತ್ತಿಗೆ ಇಳಿದ ಸದ್ದು ಬರಲಿಲ್ಲ. ಬೆಡ್‌ಶೀಟಿನ ಹಿಂದಿನಿಂದ ಅವಳ ದನಿ, ಕೊನೆಯ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಬಂತು:

“ಇನ್ನೆರಡು ಅಚ್ಚು ಹಾಕಿ ಭಟ್ರೆ. ನಾನು ಉಪವಾಸ ಇದ್ದೆ. ಅವನ ಜೀವಕ್ಕೆ ಕೊಡುವುದು, ಕಡಿಮೆ ಆಗ್ಬಾರ್ದು.”